ವಿಷ ಇಳಿಯಿತೇ ಎಂದು ಹೇಳುವ ನಾಲಿಗೆ

ಫೂ ನದಿಯ ಮೇಲಿನ ಮಂಜು ಇನ್ನೂ ಎದ್ದಿಲ್ಲ. ಅಂಗಳದ ತೊಟ್ಟಿಗಳ ಸಾಲಿನಲ್ಲಿ ಏಳನೆಯದರ ಮುಂದೆ ಪು ಸುಹ್ವಾ ಕುಕ್ಕುರುಗಾಲಲ್ಲಿ ಕೂತಿದ್ದಾರೆ. ತೋಳು ಮುಳುಗುವಷ್ಟು ಕೈ ಇಳಿಸಿ ತಳದಿಂದ ಒಂದು ಹೋಳು ಎತ್ತುತ್ತಾರೆ. ಹೆಸರುಕಾಳಿನಷ್ಟು ಚಿವುಟಿ, ನಾಲಿಗೆಯ ತುದಿಗಿಟ್ಟು, ಮುಂಬಲ್ಲಿನಲ್ಲಿ ಅಗಿದು ಉಗಿಯುತ್ತಾರೆ. ಆಮೇಲೆ, ನಾಲಿಗೆ ಜುಮ್ಮೆಂದರೆ ವಿಷ ಉಳಿದಿದೆ ಎಂದರ್ಥ, ಕಣ್ಣು ಮುಚ್ಚಿ ಕಾಯುತ್ತಾರೆ. ಅವರು ಕಣ್ಣು ತೆರೆಯುವವರೆಗೆ ಅಂಗಳದಲ್ಲಿ ಯಾರೂ ಮಾತಾಡುವುದಿಲ್ಲ.

ಅದು ಫೂಜಿ ಗಡ್ಡೆ. ವತ್ಸನಾಭಿಯ ಬಳಗ, ಹಸಿಯಾಗಿ ತಿಂದವರ ಎದೆಬಡಿತ ನಿಂತೇಹೋಗಬಹುದು. ಹದವಾದ ಮೇಲೆ ಅದನ್ನೇ, ಕೈಕಾಲು ತಣ್ಣಗಾಗಿ ನಾಡಿ ಬೆರಳಿಗೆ ಸಿಗದಂತಾದವರಿಗೆ, ಒಣಶುಂಠಿ ಜ್ಯೇಷ್ಠಮಧುವಿನ ಜೊತೆ ಗಂಟೆಗಟ್ಟಲೆ ಕುದಿಸಿ ವೈದ್ಯರು ಕುಡಿಸುತ್ತಾರೆ. ಮೈಯ ಬಿಸಿ ಮರಳಿ ಬರುತ್ತದೆ ಎನ್ನುತ್ತಾರೆ ಇಲ್ಲಿಯವರು. ಕೊಲ್ಲುವುದೂ ಅದೇ, ಉಳಿಸುವುದೂ ಅದೇ. ನಡುವೆ ಇರುವುದು ಉಪ್ಪುನೀರು, ಬೆಂಕಿ, ಸಿಹಿನೀರು, ಕೊನೆಗೆ ಅರವತ್ತನಾಲ್ಕು ವರ್ಷದ ಈ ಹೆಂಗಸಿನ ನಾಲಿಗೆ.

ಬೇಸಿಗೆಯ ಅತಿ ಉದ್ದದ ಹಗಲು ಕಳೆಯುತ್ತಿದ್ದಂತೆ ಗಡ್ಡೆ ಕೀಳುತ್ತಾರೆ. ಒಂದು ದಿನ ತಡವಾದರೂ ಕೊಳೆಯುತ್ತದೆ, ಹಾಗಾಗಿ ಮಣ್ಣು ಕೊಡವಿದ ಕೂಡಲೇ ಕಹಿ ಉಪ್ಪುನೀರಿಗೆ ಹಾಕಬೇಕು. ದಿನಗಟ್ಟಲೆ ನೆನೆಸಿ, ಬೇಯಿಸಿ, ಸಿಪ್ಪೆ ತೆಗೆದು, ಹೋಳು ಮಾಡಿ, ನೀರು ಬದಲಿಸಿ ಬದಲಿಸಿ ವಿಷ ಇಳಿಸಿ, ಆಮೇಲಷ್ಟೇ ಹಬೆಯಲ್ಲಿ ಬೇಯಿಸಬೇಕು. ಸುಹ್ವಾರ ಅಂಗೈ ಉಪ್ಪಿಗೆ ಸೀಳಿ ಬತ್ತಿದ ಕೆರೆಯ ತಳದಂತಾಗಿದೆ. ದಿನಕ್ಕೆ ಹನ್ನೊಂದು ತೊಟ್ಟಿಯ ರುಚಿ ನೋಡುತ್ತಾರೆ, ಅಷ್ಟರಲ್ಲಿ ನಾಲಿಗೆ ಸೋಲುತ್ತದೆ, ಹನ್ನೆರಡನೆಯದು ನಾಳೆಗೆ.

ಹತ್ತೊಂಬತ್ತಕ್ಕೆ ಸೊಸೆಯಾಗಿ ಬಂದವರಿಗೆ ಈ ವಿದ್ಯೆ ಕಲಿಸಿದ್ದು ಅತ್ತೆ. "ಮೊದಲ್ನೇ ವರ್ಷ ಉಗಿಯೋದು ಮರೆತು ನುಂಗಿಬಿಟ್ಟೆ" ಎಂದು ನಗುತ್ತಾರೆ. "ತುಟಿ, ಕೆನ್ನೆ ಎಲ್ಲಾ ನಂದಲ್ಲ ಅನ್ನಿಸ್ತು. ಎದೆ ಕುದುರೆ ಥರ ಓಡ್ತು. ಅತ್ತೆ ರಾತ್ರಿಯೆಲ್ಲಾ ಪಕ್ಕದಲ್ಲೇ ಕೂತಿದ್ರು. ಬೆಳಗಾದ ಮೇಲೆ 'ಬದುಕಿದ್ಯಲ್ಲ, ಇನ್ನು ಮರೆಯಲ್ಲ ಬಿಡು' ಅಂದ್ರು."

ಹಂಗಾಮಿನ ಮೂರು ತಿಂಗಳು ಅವರ ಊಟ ಬೇರೆ. ಈ ಊರಿನಲ್ಲಿ ಮೆಣಸುಕಾಳಿನಂಥ ಮಸಾಲೆ ಜುಮ್ಮನಕಾಯಿ ಇಲ್ಲದ ಅಡುಗೆಯೇ ಇಲ್ಲ, ನಾಲಿಗೆ ಮರಗಟ್ಟದಿದ್ದರೆ ಉಂಡಂತಾಗುವುದಿಲ್ಲ. ಸುಹ್ವಾ ಮಾತ್ರ ಬಿಳಿ ಗಂಜಿ, ಬೇಯಿಸಿದ ಕುಂಬಳಕಾಯಿ ತಿನ್ನುತ್ತಾರೆ.

ಈ ದಿನ ಕಣ್ಣು ತೆರೆದವರು ಅಡ್ಡಡ್ಡ ತಲೆಯಾಡಿಸುತ್ತಾರೆ. "ಇನ್ನೂ ಕಚ್ತಿದೆ. ಮತ್ತೆ ನೀರು ಹಾಕಿ."

ಕಾರ್ಖಾನೆಯ ಯಜಮಾನ ಗೌ ಯೋಂಗ್‌ಫು ಹೌಹಾರುತ್ತಾನೆ. ಏಳನೆಯ ತೊಟ್ಟಿ ಇಂದೇ ಹಬೆಗೆ ಹೋಗಬೇಕು, ಕೊಳ್ಳುವವರಿಗೆ ಮಾತು ಕೊಟ್ಟಾಗಿದೆ. ತಾನೇ ಒಂದು ಚೂರು ಅಗಿದು ಉಗಿದು, ಅವರಷ್ಟೇ ಹೊತ್ತು ಕಾದು ನೋಡುತ್ತಾನೆ. "ಎಲ್ಲಿ ಕಚ್ತಿದೆ? ಏನೂ ಇಲ್ವಲ್ಲ! ಚಿಕ್ಕಮ್ಮ, ಬೇಜಾರು ಮಾಡ್ಕೋಬೇಡಿ, ನಿಮ್ಮ ನಾಲಿಗೆಗೂ ವಯಸ್ಸಾಯ್ತು."

ಸುಹ್ವಾರ ಮುಖ ಬಾಡುತ್ತದೆ. ಕೆಲವು ವರ್ಷಗಳಿಂದ ಅವರಿಗಿರುವ ಭಯವೂ ಇದೊಂದೇ. ಇಲ್ಲದ್ದನ್ನು ಇಂದು ಇದೆ ಎನ್ನುವ ನಾಲಿಗೆ, ಇದ್ದದ್ದನ್ನು ನಾಳೆ ಇಲ್ಲ ಎಂದರೆ? ಎಲ್ಲೋ ಒಂದು ಮನೆಯಲ್ಲಿ ಯಾರೋ ನಂಬಿ ಕುಡಿಯುತ್ತಾರೆ.

ಗೌನತ್ತ ತಿರುಗಿ ಕೇಳುತ್ತಾರೆ: "ಬೆಳಿಗ್ಗೆ ಏನು ತಿಂದ್ಯಪ್ಪ?"

"ಶಾವಿಗೆ."

"ಎಂಥ ಶಾವಿಗೆ?"

ಹೋಳು ಮಾಡುವ ಲೋ ಚುನ್‌ಶ್ಯು ಕತ್ತಿ ಕೆಳಗಿಟ್ಟು ನಗುತ್ತಾಳೆ. "ಅವರನ್ನ ಯಾಕೆ ಕೇಳ್ತೀಯಕ್ಕ, ಅಂಗಿ ನೋಡು! ಎದೆ ತುಂಬಾ ಖಾರದ ಕೆಂಪೆಣ್ಣೆ."

ಗೌ ಅಂಗಿ ಮುಚ್ಚಿಕೊಳ್ಳುತ್ತಾನೆ. "ಒಂದ್ ಚೂರು ಜುಮ್ಮನಕಾಯಿ ಇತ್ತಪ್ಪ. ಅಂಗಡಿಯವಳು ಎರಡು ಚಮಚ ಹಾಕಿದ್ಲು."

"ಆಗಲೇ ಮರಗಟ್ಟಿರೋ ನಾಲಿಗೆಗೆ ವಿಷ ಹೇಗಪ್ಪ ಗೊತ್ತಾಗುತ್ತೆ?" ಎನ್ನುತ್ತಾರೆ ಸುಹ್ವಾ.

ಆದರೂ ಸುಹ್ವಾರಿಗೆ ಸಮಾಧಾನವಿಲ್ಲ. ಬರೀ ಗಂಜಿ ಕುಡಿದು ಬಂದಿರುವ ಚುನ್‌ಶ್ಯುವಿಗೆ ಒಂದು ಚೂರು ಕೊಡುತ್ತಾರೆ. ಅವಳು ಅಗಿದು ಉಗಿಯುತ್ತಾಳೆ. ಎಲ್ಲರೂ ಅವಳ ಬಾಯಿಯನ್ನೇ ನೋಡುತ್ತಾರೆ. ಮೂರು ನಿಮಿಷವಾಗಿರಬೇಕು, ಅವಳ ಕೈ ತುಟಿಗೆ ಹೋಗುತ್ತದೆ. "ಅಯ್ಯೋ, ಇರುವೆ ಹರಿದಂಗಾಗ್ತಿದೆ ಕಣಕ್ಕ!"

ಗೌ ತಾನೇ ಬಕೆಟ್ ಎತ್ತುತ್ತಾನೆ. ಏಳನೆಯ ತೊಟ್ಟಿಗೆ ಆ ಹಗಲು ನಾಲ್ಕು ಸಲ ಹೊಸ ನೀರು ಬೀಳುತ್ತದೆ. ಕೊಳ್ಳುವವರ ಬೈಗುಳವನ್ನು ಫೋನಿನಲ್ಲಿ ಅವನೇ ಕೇಳಿಸಿಕೊಳ್ಳುತ್ತಾನೆ.

ಮರುದಿನ ಮುಂಜಾವು ಸುಹ್ವಾ ಮತ್ತೆ ಅಗಿಯುತ್ತಾರೆ, ಉಗಿಯುತ್ತಾರೆ, ಕಾಯುತ್ತಾರೆ. ಯಾವತ್ತಿಗಿಂತ ತುಸು ಹೆಚ್ಚೇ ಕಾಯುತ್ತಾರೆ. ಕಣ್ಣು ತೆರೆದಾಗ ಮುಖ ತಿಳಿಯಾಗಿದೆ. "ಏನೂ ಇಲ್ಲ. ಹಬೆಗೆ ಹಾಕ್ರಪ್ಪ."

"ಚಿಕ್ಕಮ್ಮ, ಈ ಸಲ ಪೊಟ್ಟಣದ ಮೇಲೆ ನಿಮ್ಮ ಫೋಟೋ ಹಾಕಿಸ್ತೀನಿ" ಎನ್ನುತ್ತಾನೆ ಗೌ.

"ಬೇಡಪ್ಪ" ಎಂದು ಸುಹ್ವಾ ಎಂಟನೆಯ ತೊಟ್ಟಿಯತ್ತ ಸರಿಯುತ್ತಾರೆ. "ಕಾಯಿಲೆಯವರು ಎದ್ದು ಕೂತು, ಗಂಜಿ ಸಪ್ಪೆ ಅಂತ ಮನೆಯವರ ಮೇಲೆ ರೇಗಿದ್ರೆ ನಂಗೆ ಸಾಕು. ಈ ಗಡ್ಡೆ ರುಚಿ ನೋಡಿದವಳು ಯಾರು ಅಂತ ಹುಡುಕ್ಕೊಂಡು ಬರೋದು ನಾನು ತಪ್ಪು ಮಾಡಿದ ದಿನ. ನಲವತ್ತೈದು ವರ್ಷ ಆಯ್ತು, ಒಬ್ರೂ ಬಂದಿಲ್ಲ."