ಎಕ್ಸ್‌ರೇಯಲ್ಲಿ ಕಾಣದ ಅವ್ವನ ನೋವು

ಗೆಳೆಯರೆ, ಇವತ್ತು ಡಾಕ್ಟರು ನನ್ನ ಮೈನೋವಿಗೆ ಫೈಬ್ರೊಮಯಾಲ್ಜಿಯಾ, ಅಂದರೆ ಪರೀಕ್ಷೆಗಳಲ್ಲಿ ಕಾಣದ ಮೈತುಂಬ ನೋವಿನ ಕಾಯಿಲೆ, ಎಂದರು. "ಮನ್ಯಾಗ ಮತ್ಯಾರಿಗರೆ ಹಿಂಗ ಇತ್ತೇನ್ರಿ?" ಎಂದು ಕೇಳಿದಾಗ ಅವ್ವ ನೆನಪಾದಳು.

ಎಪ್ಪತ್ತರ ದಶಕದಲ್ಲಿ ನಾವು ಕಿತ್ತೂರಿನಲ್ಲಿದ್ದೆವು. ಅವ್ವನಿಗೆ ವರ್ಷಗಟ್ಟಲೆ ಮೈಯೆಲ್ಲ ನೋವು, ಎಕ್ಸ್‌ರೇ ತೆಗೆಸಿದರೆ ಏನೂ ಇಲ್ಲ. "ಕೆಲಸಾ ತಪ್ಪಸಾಕ ಸೋಗು ಹಾಕತಾಳ" ಎನ್ನುತ್ತಿದ್ದ ಅಜ್ಜಿ, ಅದು ಬಯಲಾಗಲಿ ಎಂದೇ ಅವ್ವನನ್ನೂ ನನ್ನನ್ನೂ ಬೈಲಹೊಂಗಲದ ಡಾಕ್ಟರ ಬಳಿ ಕರೆದೊಯ್ದಳು.

ಡಾಕ್ಟರು ಕೀಲುಗಳನ್ನು ಮುಟ್ಟಿ ನೋಡಿದರು. ಬಾವು ಇರಲಿಲ್ಲ. "ಮುಂಜಾನೆ ಎದ್ದಾಗ ಹೆಂಗಿರತೈತಿ, ತಂಗಿ?"

"ರಾತ್ರಿಯೆಲ್ಲಾ ಕಬ್ಬು ಹೊತ್ತಂಗ ಆಗಿರತೈತ್ರಿ," ಎಂದಳು ಅವ್ವ.

ಅವರು ಹೆಬ್ಬೆರಳಿನಿಂದ ಅವಳ ಹೆಗಲು ಒತ್ತಿದರು. ಅವ್ವನ ಕಣ್ಣಲ್ಲಿ ನೀರು ಬಂತು.

"ಅಷ್ಟು ಒತ್ತಿದ್ರ ಯಾರಿಗರೆ ನೋಯತೈತ್ರಿ," ಎಂದಳು ಅಜ್ಜಿ.

"ಹಂಗಾರ ನೀವೂ ಕುಂದರ್ರಿ," ಎಂದು ಡಾಕ್ಟರು ಅಜ್ಜಿಯ ಹೆಗಲನ್ನೂ ಅಷ್ಟೇ ಬಲದಿಂದ ಒತ್ತಿದರು.

ಅಜ್ಜಿ ಸ್ವಲ್ಪ ಕಾದು ಕೇಳಿದಳು. "ಒತ್ತೂದು ಯಾವಾಗ್ರಿ?"

"ಒತ್ತಿ ಆತ್ರಿ. ನಿಮ್ಮ ಸೊಸಿಗೆ ಇಷ್ಟಕ್ಕ ಕಣ್ಣಾಗ ನೀರು ಬಂತು. ಎಕ್ಸ್‌ರೇದಾಗ ಕಾಣಲಿಲ್ಲಂದ್ರೂ ಈಕಿ ನೋವು ಖರೇ ಐತಿ."

ಅವ್ವ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ಅಲ್ಲಿಯವರೆಗೆ ಅವಳನ್ನು ಯಾರೂ ನಂಬಿರಲಿಲ್ಲ.

ನೋವು ಪೂರಾ ಹೋಗಲಿಲ್ಲ. ಆದರೆ ಅವ್ವ ಹೊರುತ್ತಿದ್ದ ನೀರಿನ ಕೊಡ ಅಂದಿನಿಂದ ಅಜ್ಜಿಯ ಸೊಂಟಕ್ಕೇರಿತು. ಆ ಡಾಕ್ಟರಿಗೆ ಇವತ್ತು ಮನಸ್ಸಿನಲ್ಲೇ ಕೈಮುಗಿದೆ. ಅಜ್ಜಿಗೂ ಕೈಮುಗಿದೆ. ಆಮೇಲೆ ಓಣಿಯಲ್ಲಿ ಯಾರಾದರೂ ಅವ್ವನನ್ನು ಮೈಗಳ್ಳಿ ಎಂದರೆ ಸಾಕು, ಅಜ್ಜಿ ಹೆಬ್ಬೆರಳು ಮುಂದೆ ಮಾಡಿ, "ಬಾ, ಇಲ್ಲಿ ಕುಂದರು, ನಿಂದೂ ನೋಡೂಣು" ಎನ್ನುತ್ತಿದ್ದಳು.