ಮೊದಲು ತಪ್ಪು ತೋರಿಸುವವರು

ಗಜೇಂದ್ರಗಡದಲ್ಲಿ ಒಬ್ಬ ನೇಕಾರರಿದ್ದರು. ಗಿರಾಕಿಯ ಮುಂದೆ ಸೀರೆ ಬಿಡಿಸಿದರೆ, ಸೆರಗು ತೋರಿಸುವ ಮೊದಲು ನೇಯ್ಗೆಯ ತಪ್ಪಿನ ಮೇಲೆ ಬೆರಳಿಡುತ್ತಿದ್ದರು. "ಮೊದಲ ಇದನ್ನ ನೋಡ್ರಿ, ಆಮ್ಯಾಲ ಬಣ್ಣ ನೋಡ್ರಿ."

ಬಿಡುವಿನಲ್ಲಿ ಪುಸ್ತಕಗಳ ಬಗ್ಗೆ ರೀಲ್ಸ್ ಮಾಡುತ್ತಿದ್ದರು. ನನ್ನ ಮೊದಲ ಕಥಾಸಂಕಲನವನ್ನು ಹೊಗಳಲು ದುಡ್ಡು ಕೊಟ್ಟೆ. "ಜಾಹೀರಾತು ಅಂತ ಮಾತ್ರ ಹಾಕಬ್ಯಾಡ್ರಿ" ಎಂದೆ. ನಕ್ಕು ಪುಸ್ತಕ ಇಟ್ಟುಕೊಂಡರು.

ವಿಡಿಯೊ ಬಂತು. ಮಗ್ಗದ ಮುಂದೆ ಕೂತಿದ್ದರು. "ಮೊದಲ ಇದನ್ನ ನೋಡ್ರಿ. ಇದು ಜಾಹೀರಾತು. ಪುಸ್ತಕ ಬರದವ್ರು ರೊಕ್ಕ ಕೊಟ್ಟಾರ, ಅದನ್ನ ಹೇಳಬ್ಯಾಡ ಅಂದಾರ."

ವಿಡಿಯೊ ನಿಲ್ಲಿಸಲು ಬೆರಳು ಚಾಚಿದೆ. ಅಷ್ಟರಲ್ಲಿ ಅವರು ಪುಟ ತಿರುವಿ ಏಳನೆಯ ಕಥೆಯ ಮೇಲೆ ಬೆರಳಿಟ್ಟರು. "ಉಳಿದ ಕಥಿ ಭಾಳ ಚಲೋ ಅದಾವ್ರಿ. ಇದೊಂದನ್ನ ಮಾತ್ರ ಬ್ಯಾರೆ ಕೈ ನೇದೈತಿ."

ಆ ಕಥೆ ನಾನು ಬರೆದದ್ದಲ್ಲ ಎಂದು ನನ್ನ ಹೆಂಡತಿಗೂ ಗೊತ್ತಿರಲಿಲ್ಲ.