ನೇಣಿನ ಹುಣಸೇಮರ

ಮಲ್ಕಾಜ್‌ಗಿರಿಯ ನಮ್ಮ ಗಲ್ಲಿಯ ಹುಣಸೇಮರವನ್ನು ನೆಟ್ಟವನು ನಾನೇ, ರೈಲ್ವೆ ನೌಕರಿಗೆ ಸೇರಿದ ಹೊಸದರಲ್ಲಿ. ಈಗ ಅದರ ನೆರಳಲ್ಲಿ ರಾಯಚೂರಿನ ಶಾಂತಮ್ಮ ಚಹಾ ಮಾರುತ್ತಾಳೆ. ಹೋದ ವರ್ಷ ಒಬ್ಬ ಗುತ್ತಿಗೆದಾರ ಗರಗಸ ಹಿಡಿದು ಬಂದ. ಪಾರ್ಕಿಂಗಿಗೆ ಜಾಗ ಬೇಕಂತೆ. ಮರ ಹೋದರೆ ಶಾಂತಮ್ಮನ ಅಂಗಡಿಯೂ ಹೋದಂತೆಯೇ.

"ಕಡೀರಿ, ಯಾರು ಬ್ಯಾಡಂತಾರ?" ಎಂದಳು ಅವಳು. "ನಿಜಾಮರ ಕಾಲದಾಗ ಈ ಟೊಂಗಿಗೇ ನೇಣು ಹಾಕ್ತಿದ್ರು. ಸತ್ತವರು ಇನ್ನೂ ಇಲ್ಲೇ ಅದಾರ."

ಅವನು ಗರಗಸ ಇಳಿಸಿ, ನಿಜವೇ ಎಂದು ತೆಲುಗಿನಲ್ಲಿ ನನ್ನನ್ನು ಕೇಳಿದ. "ನಿಜಮೇನಾ ಸಾರ್?"

ಊರಿನ ಹಳೇ ಮರಗಳಲ್ಲಿ ನೇಣು ಹಾಕಿದ ಬಗ್ಗೆ ಜನ ಹೇಳುವುದೆಲ್ಲ ಬರೀ ಕಟ್ಟುಕತೆ ಎಂದು ಪಾರ್ಕಿನ ಬೆಂಚಿನಲ್ಲಿ ದಿನಾ ವಾದಿಸುವವನು ನಾನು. ಶಾಂತಮ್ಮ ಸೌಟು ಹಿಡಿದು ನನ್ನ ಬಾಯಿಯನ್ನೇ ನೋಡುತ್ತಿದ್ದಳು.

"ಒಬ್ಬನ ಹಗ್ಗ ಹರಿಯಿತು," ಎಂದೆ. "ದೇವರೇ ಬಿಡಿಸಿದ ಅಂತ ಅವನನ್ನು ಬಿಟ್ಟುಬಿಟ್ಟರು. ಉಳಿದವರಿಗೆ ಆ ಪುಣ್ಯ ಇರಲಿಲ್ಲ, ಪಾಪ."

ಗುತ್ತಿಗೆದಾರ ಚಪ್ಪಲಿ ಬಿಟ್ಟು, ಮರಕ್ಕೆ ಕೈಮುಗಿದು ಹೊರಟುಹೋದ.

ಮೊನ್ನೆ ಚಹಾಕ್ಕೆ ಬಂದ ಅಪರಿಚಿತರೊಬ್ಬರಿಗೆ ಇದೇ ಕತೆಯನ್ನು ಖುಷಿಯಾಗಿ ಹೇಳತೊಡಗಿದೆ. ಅವರು ನಡುವೆಯೇ ತಡೆದರು. "ಒಮ್ಮೆ ಅಲ್ರಿ ಯಜಮಾನ್ರ, ಮೂರು ಸಲ ಹರೀತು. ನಮ್ಮಜ್ಜ ಇಲ್ಲೇ ನಿಂತು ಕಣ್ಣಾರೆ ನೋಡಿದ್ದ."

ಇರಬಹುದು. ಮರ ನೆಟ್ಟವನಿಗೆ ಇಷ್ಟೆಲ್ಲ ಹೇಗೆ ಗೊತ್ತಾಗಬೇಕು?